ಕಡತದ ಮನುಷ್ಯ, ಕಣ್ಣೆದುರಿನ ಮನುಷ್ಯ

ಒಬ್ಬ ಮನುಷ್ಯನನ್ನು ಕುರಿತು ಬರೆದಿಟ್ಟ ಮಾತು ಒಂದು ಬಗೆಯಾಗಿ, ಆ ಮನುಷ್ಯನೇ ಎದುರು ನಿಂತು ಹೇಳುವ ಮಾತು ಇನ್ನೊಂದು ಬಗೆಯಾದಾಗ ನಾವು ಯಾವುದನ್ನು ನಂಬಬೇಕು? ಈ ಪ್ರಶ್ನೆ ಇಂದು ಹುಟ್ಟಿದ್ದಲ್ಲ. ಸಾಲಪತ್ರ, ಜಮೀನಿನ ದಸ್ತಾವೇಜು, ಬಸದಿಗೆ ಬಿಟ್ಟ ದತ್ತಿಯ ಶಾಸನ ಮೊದಲಾದವು ಹುಟ್ಟಿದ ದಿನವೇ ಇದೂ ಹುಟ್ಟಿತು. ಆದರೆ ಹಿಂದೆ ಅಪರೂಪಕ್ಕೆ ಎದುರಾಗುತ್ತಿದ್ದ ಈ ಪ್ರಶ್ನೆ ಇಂದು ದಿನನಿತ್ಯದ್ದಾಗಿದೆ. ಪಡಿತರ, ಪಿಂಚಣಿ, ಪಹಣಿ, ಶಾಲೆಯ ಪ್ರವೇಶ, ಬ್ಯಾಂಕಿನ ವ್ಯವಹಾರ, ಆಸ್ಪತ್ರೆಯ ಚಿಕಿತ್ಸೆ, ಕೊನೆಗೆ ಮದುವೆಯ ಸಂಬಂಧ ಕೂಡ ಗಣಕಯಂತ್ರದ ಪರದೆಯನ್ನು ಹಾದು ನಮ್ಮನ್ನು ತಲುಪುತ್ತಿವೆ. ಪರದೆಯ ಮೇಲೆ ಕಾಣಿಸದ್ದು ಇಲ್ಲವೇ ಇಲ್ಲ ಎಂದು ಭಾವಿಸುವ ಅಭ್ಯಾಸ ನಮಗೆ ಅರಿವಿಲ್ಲದೆಯೇ ಬಂದುಬಿಟ್ಟಿದೆ.

ಈ ಲೇಖಕನು ಸುಮಾರು ಮೂರು ದಶಕಗಳಿಂದ ಬೆಂಗಳೂರಿನಲ್ಲಿ ತಂತ್ರಾಂಶ ರಚನೆಯ ವೃತ್ತಿಯಲ್ಲಿರುವವನು. ಜನರ ಹೆಸರು, ವಯಸ್ಸು, ವಿಳಾಸ, ಹಣ, ಅರ್ಹತೆ ಇವುಗಳನ್ನು ಯಾವ ಯಾವ ಅಂಕಣಗಳಲ್ಲಿ ಹೇಗೆ ಇರಿಸಬೇಕೆಂದು ನಿರ್ಧರಿಸುವುದೇ ಆ ಕೆಲಸದ ಬಹುಭಾಗ. ಆದ್ದರಿಂದ ಇಲ್ಲಿ ತಂತ್ರಜ್ಞಾನದ ನಿಂದೆಯಿಲ್ಲ. ಅನ್ನ ಕೊಟ್ಟ ವಿದ್ಯೆಯನ್ನು ನಿಂದಿಸುವುದು ಸಲ್ಲದು. ಆದರೆ ಅದರ ಒಳಗನ್ನು ಬಲ್ಲವನಿಗೆ ಅದರ ಮಿತಿಯನ್ನು ಹೇಳುವ ಹೊಣೆಯೂ ಇದೆ. ಗಣಕದಲ್ಲಿರುವ ದಾಖಲೆಯು ವ್ಯಕ್ತಿಯನ್ನು ಕುರಿತ ಒಂದು ನಯ ಮಾತ್ರ. ಅದನ್ನೇ ಪೂರ್ಣಸತ್ಯವೆಂದು ಹಿಡಿದಾಗ ಅದು ದುರ್ನಯವಾಗುತ್ತದೆ. ದುರ್ನಯವು ಅಧಿಕಾರದ ಸ್ಥಾನದಲ್ಲಿ ಕುಳಿತಾಗ ಹಿಂಸೆಯಾಗುತ್ತದೆ. ಈ ಒಂದು ಮಾತನ್ನು ನಾಗರಿಕ ಜೀವನ, ಕುಟುಂಬ ಮತ್ತು ನಮ್ಮ ಧಾರ್ಮಿಕ ಸಂಸ್ಥೆಗಳ ಸಂದರ್ಭದಲ್ಲಿ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ದಾಖಲೆಯ ಉಪಕಾರ

ಮೊದಲು ದಾಖಲೆಯ ಪಕ್ಷವನ್ನು ನ್ಯಾಯವಾಗಿ ಹೇಳಬೇಕು. ನಮ್ಮ ರಾಜ್ಯದ ‘ಭೂಮಿ’ ಯೋಜನೆಯೇ ಇದಕ್ಕೆ ಉತ್ತಮ ನಿದರ್ಶನ. ಅದಕ್ಕೆ ಮುನ್ನ ಜಮೀನಿನ ಪಹಣಿಗಳು ಕೈಬರಹದಲ್ಲಿದ್ದು, ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿದ್ದವು. ತನ್ನ ಹೊಲದ ಪಹಣಿಯ ಪ್ರತಿಗಾಗಿ ರೈತನು ಎಷ್ಟು ಸಲ ಅಲೆಯಬೇಕು, ಎಷ್ಟು ಕೈಬಿಸಿ ಮಾಡಬೇಕು ಎಂಬುದಕ್ಕೆ ಲೆಕ್ಕವಿರಲಿಲ್ಲ. ಈ ಶತಮಾನದ ಆರಂಭದ ವರ್ಷಗಳಲ್ಲಿ ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸೇರಿದ 2 ಕೋಟಿಯಷ್ಟು ದಾಖಲೆಗಳನ್ನು ಗಣಕಕ್ಕೆ ಏರಿಸಲಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಯಾರು ಬೇಕಾದರೂ ಪ್ರತಿ ಪಡೆಯುವಂತಾಯಿತು.

ಆ ಯೋಜನೆಯ ಒಂದು ಅಂಶ ತಂತ್ರಾಂಶ ವೃತ್ತಿಯವರಿಗೆ ವಿಶೇಷವಾಗಿ ಮನನೀಯವಾದುದು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲಿಯೇ ವಿಲೇವಾರಿಯಾಗಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಇರಿಸಲಾಯಿತು. ಮುಂದಿನ ಅರ್ಜಿ ಶ್ರೀಮಂತನದೆಂದು ಹಿಂದಿನ ಬಡವನ ಅರ್ಜಿಯನ್ನು ಬದಿಗೆ ಸರಿಸಲು ಅಧಿಕಾರಿಗೆ ಆಸ್ಪದವಿಲ್ಲದಂತಾಯಿತು. ನೀತಿಬೋಧೆಯಿಂದ ಎಷ್ಟೋ ವರ್ಷ ಸಾಧ್ಯವಾಗದ ಒಂದು ಸಮತೆಯನ್ನು ಕೆಲವು ಸಾಲುಗಳ ತಂತ್ರಾಂಶವು ಸಾಧಿಸಿತೆಂದರೆ ಅದನ್ನು ಗೌರವಿಸಬೇಕಾದುದೇ.

ಹಾಗಾದರೆ ಕಣ್ಣೆದುರಿನ ಮನುಷ್ಯನನ್ನು ನೋಡಿ ನಿರ್ಧರಿಸುವುದೇ ಮೇಲೆಂದು ಸುಮ್ಮನೆ ಹೇಳಿಬಿಡುವಂತಿಲ್ಲ. ಮುಖ ನೋಡಿ ಮಣೆ ಹಾಕುವುದೆಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆಯಲ್ಲ. ಮುಖ ನೋಡುವ ಅಧಿಕಾರಿಯು ಕರುಣೆಯನ್ನೂ ತೋರಬಲ್ಲ, ಪಕ್ಷಪಾತವನ್ನೂ ಮಾಡಬಲ್ಲ. ಮುಖ ನೋಡದಿರುವುದು ಯಂತ್ರದ ದೋಷವೂ ಹೌದು, ಗುಣವೂ ಹೌದು. ಈ ಎರಡನ್ನೂ ಒಟ್ಟಿಗೆ ಹಿಡಿದು ನಡೆಯದ ಹೊರತು ನಮ್ಮ ವಿಚಾರವು ಏಕಾಂತವಾದೀತು.

ದಾಖಲೆಯು ಒಂದು ನಯ

ಒಂದು ಅರ್ಜಿಯ ನಮೂನೆಯನ್ನು ಗಣಕಕ್ಕಾಗಿ ರಚಿಸುವಾಗ ಅದರಲ್ಲಿ ಯಾವ ಅಂಕಣಗಳಿರಬೇಕು, ಅವುಗಳಲ್ಲಿ ಯಾವುದನ್ನು ತುಂಬದೆ ಮುಂದೆ ಹೋಗಬಾರದು ಎಂಬುದನ್ನು ಯಾರಾದರೊಬ್ಬರು ನಿರ್ಧರಿಸಬೇಕಾಗುತ್ತದೆ. ಕಡ್ಡಾಯವಾದ ಅಂಕಣದ ಪಕ್ಕದಲ್ಲಿ ಕೆಂಪು ಬಣ್ಣದ ಚಿಕ್ಕ ನಕ್ಷತ್ರವೊಂದನ್ನು ಓದುಗರು ನೋಡಿರಬಹುದು. ಆ ನಕ್ಷತ್ರವನ್ನು ಎಲ್ಲಿ ಇಡಬೇಕೆಂಬುದು ನೋಡಲು ತೀರ ಸಣ್ಣ ವಿಷಯ. ಆದರೆ ಅದನ್ನು ಇಟ್ಟ ಕ್ಷಣದಲ್ಲಿ, ತಾನು ಎಂದೂ ನೋಡದ ಸಾವಿರಾರು ಜನರ ಮೇಲೆ ತಂತ್ರಜ್ಞನು ಒಂದು ತೀರ್ಪನ್ನು ಕೊಟ್ಟಿರುತ್ತಾನೆ.

ನಮ್ಮ ಹೆಸರುಗಳನ್ನೇ ನೋಡೋಣ. ದಕ್ಷಿಣ ಕರ್ನಾಟಕದಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟು ಹೆಸರು ಬರೆಯುವವರು ಬಹಳ. ಅವರಿಗೆ ಮನೆತನದ ಹೆಸರೆಂಬುದು ಬೇರೆಯಿಲ್ಲ. ಪರದೇಶದ ಪದ್ಧತಿಯಂತೆ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಕಡ್ಡಾಯ ಅಂಕಣಗಳು ಎದುರಾದಾಗ ಒಬ್ಬೊಬ್ಬರು ಒಂದೊಂದು ಕಡೆ ಒಂದೊಂದು ವಿಧವಾಗಿ ತುಂಬುತ್ತಾರೆ. ಧರಣೇಂದ್ರಯ್ಯ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಬ್ಯಾಂಕಿನವರು ಒಂದು ಅಕ್ಷರ ಹೆಚ್ಚು ಹಾಕುತ್ತಾರೆ, ಶಾಲೆಯವರು ಒಂದು ಕಡಿಮೆ ಮಾಡುತ್ತಾರೆ. ಕನ್ನಡದಲ್ಲಿ ಒಬ್ಬನೇ ಆಗಿರುವ ಮನುಷ್ಯನು ಗಣಕದ ದೃಷ್ಟಿಯಲ್ಲಿ ಮೂವರಾಗಿ, ಆ ಮೂವರೂ ತಾನೇ ಎಂದು ಸಾಧಿಸಲು ಪ್ರಮಾಣಪತ್ರ ಹಿಡಿದು ನಿಲ್ಲಬೇಕಾಗುತ್ತದೆ. ತುಳುನಾಡಿನ ಜೈನ ಮನೆತನಗಳಲ್ಲಿ ಅನೇಕವು ಅಳಿಯಸಂತಾನ ಪದ್ಧತಿಯನ್ನು ಅನುಸರಿಸಿದಂಥವು. ಅಲ್ಲಿ ವಂಶವನ್ನು ಹೇಳುತ್ತಿದ್ದುದು ತಾಯಿಯ ಕಡೆಯಿಂದ. ‘ತಂದೆ ಅಥವಾ ಗಂಡನ ಹೆಸರು’ ಎಂಬ ಒಂದೇ ಅಂಕಣವಿರುವ ನಮೂನೆಗೆ ಆ ಮನೆತನದ ಸ್ವರೂಪ ಹಿಡಿಸುವುದೇ ಇಲ್ಲ. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ನಮೂನೆ ಮಾಡಿದವನು ತನಗೆ ಪರಿಚಿತವಾದ ಜಗತ್ತನ್ನು ಮಾತ್ರ ನೋಡಿದ್ದನು.

ನಮ್ಮ ಆಚಾರ್ಯರು ವಿವರಿಸಿದ ಏಳು ನಯಗಳಲ್ಲಿ ಸಂಗ್ರಹನಯವು ಅನೇಕ ವಸ್ತುಗಳನ್ನು ಅವುಗಳ ಸಾಮಾನ್ಯ ಲಕ್ಷಣದಿಂದ ಒಂದಾಗಿ ಗ್ರಹಿಸುತ್ತದೆ. ಋಜುಸೂತ್ರನಯವು ವರ್ತಮಾನ ಕ್ಷಣದ ಪರ್ಯಾಯವನ್ನು ಮಾತ್ರ ಹಿಡಿಯುತ್ತದೆ. ಗಣಕದ ದಾಖಲೆಯು ಹೆಚ್ಚಾಗಿ ಈ ಎರಡರ ರೀತಿಯಲ್ಲಿಯೇ ನಡೆಯುತ್ತದೆ. ಒಂದು ಕಡೆ ವ್ಯಕ್ತಿಯನ್ನು ‘ಫಲಾನುಭವಿ’, ‘ಬಾಕಿದಾರ’, ‘ಅನರ್ಹ’ ಎಂಬ ವರ್ಗಕ್ಕೆ ಸೇರಿಸುತ್ತದೆ. ಇನ್ನೊಂದು ಕಡೆ ಈ ಕ್ಷಣದಲ್ಲಿ ಅಂಕಣದೊಳಗೆ ಏನಿದೆಯೋ ಅದನ್ನು ಮಾತ್ರ ತೋರಿಸುತ್ತದೆ. ನಿನ್ನೆ ಅಲ್ಲಿ ಏನಿತ್ತು, ಏಕೆ ಬದಲಾಯಿತು, ಯಾರು ಬದಲಾಯಿಸಿದರು ಎಂಬುದನ್ನು ಬೇರೆಯಾಗಿ ವ್ಯವಸ್ಥೆ ಮಾಡದ ಹೊರತು ಅದು ಹೇಳುವುದಿಲ್ಲ. ಈ ದೃಷ್ಟಿಗಳು ಸುಳ್ಳಲ್ಲ, ತಮ್ಮ ಮಿತಿಯಲ್ಲಿ ಉಪಯುಕ್ತವೇ. ಉಳಿದ ದೃಷ್ಟಿಗಳನ್ನು ನಿರಾಕರಿಸಿದಾಗ ಮಾತ್ರ ನಯವು ದುರ್ನಯವಾಗುತ್ತದೆ.

ಗಣಕಶಾಸ್ತ್ರವೂ ತನ್ನದೇ ಮಾರ್ಗದಲ್ಲಿ ಈ ಮಿತಿಯನ್ನು ಎದುರಿಸಬೇಕಾಯಿತೆಂಬುದು ಗಮನಾರ್ಹ. ಇಂದಿನ ದತ್ತಾಂಶ ಭಂಡಾರಗಳಿಗೆ ತಳಹದಿಯಾದ ಸಿದ್ಧಾಂತವನ್ನು 1970ರಲ್ಲಿ ಪ್ರಕಟಿಸಿದವರು ಎಡ್ಗರ್ ಕಾಡ್ ಎಂಬ ವಿಜ್ಞಾನಿ. ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರಗಳಿಂದ ಲೋಕವ್ಯವಹಾರ ನಡೆಯದೆಂದು ಕಂಡು, ‘ತಿಳಿದಿಲ್ಲ’ ಎಂಬ ಮೂರನೆಯ ಸ್ಥಿತಿಗೂ ಮುಂದೆ ಅಲ್ಲಿ ಸ್ಥಾನ ಕೊಡಲಾಯಿತು. ಅದನ್ನು ‘ನಲ್’ ಎನ್ನುತ್ತಾರೆ. ಅದು ಸೊನ್ನೆಯಲ್ಲ, ನಿಷೇಧವೂ ಅಲ್ಲ. ಮಾಹಿತಿ ನಮ್ಮಲ್ಲಿಲ್ಲ ಎಂಬ ಒಪ್ಪಿಗೆ ಅಷ್ಟೆ. ಇದನ್ನೇ ಸ್ಯಾದ್ವಾದವೆಂದು ಹೇಳುವುದು ಅತಿಯಾದೀತು. ಆದರೆ ‘ತಿಳಿದಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಓದುವುದು ನಮ್ಮ ಕಚೇರಿಗಳಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ, ಆ ಶಾಸ್ತ್ರವೇ ಮಾಡಿದ ಭೇದವನ್ನು ಅದನ್ನು ಬಳಸುವವರು ಮರೆತಿದ್ದಾರೆ.

ಇನ್ನೊಂದು ಸಂಗತಿಯೂ ನಮ್ಮ ಯುವಕರಿಗೆ ತಿಳಿದಿರಬೇಕು. ಭಾರತದ ಮೊದಲ ಗಣಕಯಂತ್ರವು 1950ರ ದಶಕದ ಮಧ್ಯಭಾಗದಲ್ಲಿ ಸ್ಥಾಪಿತವಾದುದು ಕೊಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ. ಆ ಸಂಸ್ಥೆಯ ಸ್ಥಾಪಕರಾದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು 1954ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ವಿವೇಚಿಸುತ್ತ ಸ್ಯಾದ್ವಾದದ ಕಡೆಗೆ ವಿದ್ವಾಂಸರ ಗಮನ ಸೆಳೆದರು. 1957ರಲ್ಲಿ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಅವರೂ ಸ್ಯಾದ್ವಾದವನ್ನೇ ವಿಷಯವಾಗಿಸಿ ಬರೆದರು. ಎಣಿಕೆಯ ಶಾಸ್ತ್ರವನ್ನು ನಮ್ಮ ದೇಶದಲ್ಲಿ ಕಟ್ಟಿದವರಿಗೆ ಎಣಿಕೆಯ ಸಂಶಯಾಂಶವೂ ಅಷ್ಟೇ ಮುಖ್ಯವಾಗಿ ಕಂಡಿತ್ತು. ಇಂದು ನಾವು ಎಣಿಕೆಯನ್ನು ಉಳಿಸಿಕೊಂಡು ಸಂಶಯವನ್ನು ಬಿಟ್ಟಿದ್ದೇವೆ.

ಯಂತ್ರದ ಮಾತೇ ಪ್ರಮಾಣವಾದಾಗ

ಇದರ ಪರಿಣಾಮ ಎಷ್ಟು ಕಠೋರವಾಗಬಹುದೆಂಬುದಕ್ಕೆ ಇಂಗ್ಲೆಂಡಿನ ಅಂಚೆ ಇಲಾಖೆಯ ಪ್ರಕರಣವನ್ನು ನೋಡಬಹುದು. 1999ರಿಂದ ಅಲ್ಲಿನ ಅಂಚೆ ಕಚೇರಿಗಳಲ್ಲಿ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶವನ್ನು ಅಳವಡಿಸಲಾಯಿತು. ಹಳ್ಳಿ ಪಟ್ಟಣಗಳ ಚಿಕ್ಕ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದವರ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಹಣ ಕಡಿಮೆ ಬೀಳತೊಡಗಿತು. ತಾವು ಒಂದು ಕಾಸನ್ನೂ ಮುಟ್ಟಿಲ್ಲವೆಂದು ಅವರು ಹೇಳಿದರು. ಗಣಕವು ತೆಗೆದುಕೊಂಡಿದ್ದೀರೆಂದು ಹೇಳಿತು. ಎಷ್ಟೋ ಮಂದಿ ತಮ್ಮ ಉಳಿತಾಯದ ಹಣದಿಂದ ಕೊರತೆಯನ್ನು ತುಂಬಿಕೊಟ್ಟರು. 900ಕ್ಕೂ ಹೆಚ್ಚು ಜನರು ಕಳ್ಳತನ, ಸುಳ್ಳುಲೆಕ್ಕ ಮುಂತಾದ ಆರೋಪಗಳಲ್ಲಿ ಶಿಕ್ಷಿತರಾದರು; ಕೆಲವರು ಸೆರೆಮನೆ ಸೇರಿದರು. ಸಹಾಯ ಕೇಳಿ ದೂರವಾಣಿ ಮಾಡಿದ ಅನೇಕರಿಗೆ, ಇಂಥ ತೊಂದರೆ ಹೇಳುತ್ತಿರುವವರು ನೀವೊಬ್ಬರೇ ಎಂಬ ಉತ್ತರ ದೊರೆಯಿತೆಂದು ಅವರು ಮುಂದೆ ಸಾಕ್ಷ್ಯ ನುಡಿದರು.

2019ರ ಡಿಸೆಂಬರ್‌ನಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ತಂತ್ರಾಂಶದಲ್ಲಿಯೇ ದೋಷಗಳಿದ್ದುವೆಂದು ತೀರ್ಪಿತ್ತಿತು. 2024ರ ಮೇ ತಿಂಗಳಲ್ಲಿ ಸಂಸತ್ತು ವಿಶೇಷ ಕಾಯಿದೆಯ ಮೂಲಕ ಆ ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸಬೇಕಾಯಿತು. 2025ರ ಜುಲೈಯಲ್ಲಿ ಹೊರಬಂದ ಸಾರ್ವಜನಿಕ ವಿಚಾರಣಾ ವರದಿಯು, ಈ ಸಂಕಟದಿಂದ ಕನಿಷ್ಠ 13 ಮಂದಿ ಆತ್ಮಹತ್ಯೆ ಮಾಡಿಕೊಂಡಿರಬಹುದೆಂದು ಹೇಳಿತು. ಅಲ್ಲಿನ ನ್ಯಾಯಪದ್ಧತಿಯಲ್ಲಿ, ವಿರುದ್ಧವಾದ ಸಾಕ್ಷ್ಯವಿಲ್ಲದ ಹೊರತು ಗಣಕವು ಸರಿಯಾಗಿಯೇ ಕೆಲಸ ಮಾಡುತ್ತಿದೆಯೆಂದು ಭಾವಿಸಬೇಕೆಂಬ ನಿಯಮವಿತ್ತು. ಆದರೆ ಯಂತ್ರದ ಒಳಗನ್ನು ನೋಡಲು ಅನುಮತಿಯೇ ಇಲ್ಲದ ಅಂಚೆಯವನು ಅದರ ದೋಷವನ್ನು ಹೇಗೆ ತೋರಿಸಬೇಕಾಗಿತ್ತು?

ನಮ್ಮ ದೇಶದ ಒಂದು ಘಟನೆಯನ್ನೂ ನೆನೆಯಬೇಕು. 2017ರ ಸೆಪ್ಟೆಂಬರ್‌ನಲ್ಲಿ ಝಾರ್ಖಂಡ್ ರಾಜ್ಯದ ಸಿಮ್‌ಡೇಗಾ ಜಿಲ್ಲೆಯಲ್ಲಿ 11 ವರ್ಷದ ಬಾಲಕಿಯೊಬ್ಬಳು ತೀರಿಕೊಂಡಳು. ಆಧಾರ್ ಸಂಖ್ಯೆಯೊಡನೆ ಜೋಡಣೆಯಾಗಿಲ್ಲವೆಂಬ ಕಾರಣಕ್ಕೆ ಆ ಕುಟುಂಬದ ಪಡಿತರ ಚೀಟಿ ರದ್ದಾಗಿತ್ತೆಂದು ವರದಿಯಾಯಿತು. ಮಗು ಹಸಿವಿನಿಂದ ಸತ್ತಿತೆಂದು ತಾಯಿ ಹೇಳಿದಳು. ಮಲೇರಿಯಾದಿಂದ ಎಂದು ಆಡಳಿತ ಹೇಳಿತು. ಆ ವಿವಾದವನ್ನು ಇಲ್ಲಿ ತೀರ್ಮಾನಿಸುವ ಅಗತ್ಯವಿಲ್ಲ. ಕಾರಣ ಯಾವುದಾದರೂ ಇರಲಿ, ಒಂದು ಬಡ ಮನೆಗೆ ಬರುತ್ತಿದ್ದ ಅಕ್ಕಿಯನ್ನು ನಿಲ್ಲಿಸುವ ಮೊದಲು ಯಾರಾದರೂ ಆ ಮನೆಯ ಬಾಗಿಲಿಗೆ ಹೋಗಿ ನೋಡಬೇಕಾಗಿರಲಿಲ್ಲವೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಧಾರ್ ಪ್ರಾಧಿಕಾರವು, ಸಂಖ್ಯೆ ಇಲ್ಲವೆಂದಾಗಲಿ ಬೆರಳಚ್ಚು ಹೊಂದಲಿಲ್ಲವೆಂದಾಗಲಿ ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಸುತ್ತೋಲೆ ಹೊರಡಿಸಿತು. ಅಪವಾದಕ್ಕೂ ಒಂದು ದಾರಿ ಬೇಕೆಂಬುದನ್ನು ವ್ಯವಸ್ಥೆಯೇ ಹೀಗೆ ಒಪ್ಪಿಕೊಂಡಿತು.

ಪ್ರಮಾದವೆಂಬ ಹಿಂಸೆ

ಇಂಥ ಸಂದರ್ಭಗಳಲ್ಲಿ ಹೊಣೆ ಯಾರದೆಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ಗುಮಾಸ್ತನು ಪರದೆಯನ್ನು ತೋರಿಸುತ್ತಾನೆ. ಮೇಲಧಿಕಾರಿ ನಿಯಮವನ್ನು ತೋರಿಸುತ್ತಾನೆ. ತಂತ್ರಜ್ಞನು ತನಗೆ ಕೊಟ್ಟ ಕೆಲಸವನ್ನು ಮಾಡಿದ್ದೇನೆ ಎನ್ನುತ್ತಾನೆ. ಯಾರಲ್ಲಿಯೂ ದ್ವೇಷವಿಲ್ಲ, ಯಾರೂ ಕೈಯೆತ್ತಿ ಹೊಡೆದಿಲ್ಲ. ಆದರೂ ಒಂದು ಜೀವಕ್ಕೆ ನೋವಾಗಿದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಅದರ ಮೂಲದಲ್ಲಿರಿಸಿದ್ದು ಇಲ್ಲಿ ವಿಶೇಷ ಅರ್ಥವನ್ನು ಪಡೆಯುತ್ತದೆ. ಕೋಪದಿಂದ ಮಾಡಿದ್ದು ಮಾತ್ರ ಹಿಂಸೆಯಲ್ಲ; ಎಚ್ಚರವಿಲ್ಲದೆ ನಡೆದದ್ದರಿಂದಲೂ ಹಿಂಸೆಯಾಗುತ್ತದೆ. ನೆಲ ನೋಡಿ ನಡೆಯಬೇಕು, ನೀರು ಸೋಸಿ ಕುಡಿಯಬೇಕು, ವಸ್ತುವನ್ನು ಎತ್ತುವಾಗ ಇಡುವಾಗ ನೋಡಬೇಕು ಎಂದು ನಮ್ಮ ಹಿರಿಯರು ಕಲಿಸಿದ್ದು, ಕಣ್ಣಿಗೆ ಕಾಣದ ಜೀವಗಳ ವಿಷಯದಲ್ಲಿಯೂ ನಮಗೆ ಹೊಣೆಯಿದೆ ಎಂಬುದಕ್ಕಾಗಿ. ತಂತ್ರಾಂಶದ ವೃತ್ತಿಯಲ್ಲಿ ಕಣ್ಣಿಗೆ ಕಾಣದವರ ಸಂಖ್ಯೆ ಬಹಳ ದೊಡ್ಡದು. ಹಳ್ಳಿಯ ಚಮ್ಮಾರನು ತಾನು ಹೊಲಿದ ಚಪ್ಪಲಿ ಯಾರ ಕಾಲನ್ನು ಕಚ್ಚಿತೆಂದು ಮರುದಿನವೇ ತಿಳಿಯುತ್ತಾನೆ. ತಂತ್ರಜ್ಞನು ಇಟ್ಟ ಕೆಂಪು ನಕ್ಷತ್ರ ಯಾರನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಿತೆಂಬುದು ಅವನಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಈ ವೃತ್ತಿಯವನಿಗೆ ಸಮಿತಿಯ, ಅಂದರೆ ಎಚ್ಚರದ ನಡೆಯ, ಅಗತ್ಯವು ಇತರರಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಈ ಎಚ್ಚರ ಎಂಥದು ಎಂಬುದನ್ನು ಒಂದು ಚಿಕ್ಕ ಪ್ರಸಂಗದಿಂದ ಹೇಳಬಹುದು. ಎಂಬತ್ತು ದಾಟಿದ ನನ್ನ ತಾಯಿಯವರು ನಿವೃತ್ತ ಶಾಲಾ ಶಿಕ್ಷಕಿ. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಪ್ರಮಾಣ ಒದಗಿಸಬೇಕಷ್ಟೆ. ಇದನ್ನು ಬೆರಳಚ್ಚಿನ ಮೂಲಕ ಮಾಡುವ ‘ಜೀವನ್ ಪ್ರಮಾಣ್’ ಎಂಬ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2014ರ ನವೆಂಬರ್‌ನಲ್ಲಿ ತಂದಿತು. ಓಡಾಡಲಾರದ ಎಷ್ಟೋ ವೃದ್ಧರಿಗೆ ಅದು ನಿಜವಾಗಿ ಅನುಕೂಲವಾಗಿದೆ. ಆದರೆ ವಯಸ್ಸಾದ ಬೆರಳಿನ ಗೆರೆಗಳು ಸವೆದಿರುತ್ತವೆ. ಒಂದು ವರ್ಷ ಬ್ಯಾಂಕಿನಲ್ಲಿ ತಾಯಿಯವರು ಮೂರು ಸಲ ಬೆರಳು ಇಟ್ಟರೂ ಯಂತ್ರ ಒಪ್ಪಲಿಲ್ಲ. ಅಲ್ಲಿದ್ದ ತರುಣಿಯು, “ಅಮ್ಮಾ, ನೀವೇ ಬಂದು ಕೂತಿದ್ದೀರಲ್ಲ, ಬೆರಳು ಯಾಕೆ ಬೇಕು?” ಎಂದು ನಕ್ಕು, ಹಳೆಯ ಕಾಗದದ ನಮೂನೆಯನ್ನು ತೆಗೆದು, ಎದುರಿನಲ್ಲಿಯೇ ಸಹಿ ಹಾಕಿಸಿಕೊಂಡು, ತಾನೂ ಸಹಿ ಮಾಡಿ ಒಳಗೆ ಕಳಿಸಿದಳು. ನಮ್ಮ ಶಾಸ್ತ್ರವು ಜೀವಕ್ಕೆ ಉಪಯೋಗವೆಂಬ, ಅಂದರೆ ಅರಿಯುವ ಕಾಣುವ ಚೈತನ್ಯವೆಂಬ ಲಕ್ಷಣವನ್ನು ಹೇಳಿದೆ. ಬೆರಳಿನ ಗೆರೆಯನ್ನು ಹೇಳಿಲ್ಲ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಆ ತರುಣಿಯು ಎದುರಿದ್ದ ವೃದ್ಧೆಯನ್ನು ನೋಡಿದಳು, ಇದು ಒಂದು. ಕಾಗದದ ದಾರಿಯನ್ನು ವ್ಯವಸ್ಥೆಯು ಮುಚ್ಚದೆ ಉಳಿಸಿತ್ತು, ಇದು ಇನ್ನೊಂದು. ದಾರಿಯೇ ಇಲ್ಲದಿದ್ದರೆ ಅವಳ ಒಳ್ಳೆಯತನದಿಂದ ಏನೂ ಆಗುತ್ತಿರಲಿಲ್ಲ. ಅವಳು ತನ್ನ ಸಹಿಯನ್ನೂ ಹಾಕಿದ್ದರಿಂದ ಆ ದಯೆಯು ಪಕ್ಷಪಾತವಾಗದೆ ಹೊಣೆಗಾರಿಕೆಯಾಯಿತು. ಮುಖ ನೋಡಿ ಮಣೆ ಹಾಕುವುದಕ್ಕೂ ಮುಖ ನೋಡಿ ನ್ಯಾಯ ಮಾಡುವುದಕ್ಕೂ ಇರುವ ವ್ಯತ್ಯಾಸ ಇದೇ: ಎರಡನೆಯದರಲ್ಲಿ ಮಾಡಿದವನು ತನ್ನ ಹೆಸರನ್ನೂ ಕಾರಣವನ್ನೂ ಬರೆದಿಡುತ್ತಾನೆ.

ಮನೆಯೊಳಗಿನ ಕಡತ

ಕಚೇರಿಯಲ್ಲಿ ಆರಂಭವಾದ ಈ ಅಭ್ಯಾಸ ಮನೆಯೊಳಗೂ ಬಂದಿದೆ. ಈಗ ಅನೇಕ ಶಾಲೆಗಳಲ್ಲಿ ಪರೀಕ್ಷೆಯ ಅಂಕಗಳು, ಹಾಜರಿ, ಶಿಕ್ಷಕರ ದೂರು ಎಲ್ಲವೂ ತಂದೆತಾಯಿಗಳ ಮೊಬೈಲಿಗೆ ಬರುತ್ತವೆ. ಮಗು ಮನೆಗೆ ಬರುವ ಮೊದಲೇ ಅದರ ಅಂಕ ಬಂದಿರುತ್ತದೆ. ಬಾಗಿಲು ದಾಟಿ ಒಳಗೆ ಕಾಲಿಡುವ ಮಗುವನ್ನು ನಾವು ನೋಡುವುದು ಆ ಅಂಕದ ಮೂಲಕ. ಹಿಂದೆ ಮಗುವು ತಾನೇ ಹೇಳಬೇಕಾಗಿತ್ತು; ಹೇಳಲು ಧೈರ್ಯ ಮಾಡಿಕೊಳ್ಳಬೇಕಾಗಿತ್ತು; ಆ ಧೈರ್ಯ ಮಾಡಿಕೊಳ್ಳುವುದರಲ್ಲಿಯೇ ಸತ್ಯವ್ರತದ ಮೊದಲ ಪಾಠವಿತ್ತು. ಈಗ ಸತ್ಯವನ್ನು ಯಂತ್ರವು ಮೊದಲೇ ಹೇಳಿಬಿಡುವುದರಿಂದ ಮಗುವಿಗೆ ಸತ್ಯ ಹೇಳುವ ಅವಕಾಶವೇ ಇಲ್ಲದಂತಾಗಿದೆ. ನಮ್ಮ ಮನೆಯಲ್ಲಿ ಒಂದು ನಿಯಮವನ್ನು ಇಟ್ಟುಕೊಂಡಿದ್ದೇವೆ. ಮಗಳು ತಾನಾಗಿ ಹೇಳುವವರೆಗೆ ಅಂಕದ ವಿಷಯವನ್ನು ಯಾರೂ ಎತ್ತುವುದಿಲ್ಲ. ಕೆಲವು ಸಲ ಅವಳು ಎರಡು ದಿನ ತಡೆದು ಹೇಳುತ್ತಾಳೆ. ಆದರೆ ಹೇಳುವಾಗ ಅಂಕದ ಜೊತೆಗೆ ಅದರ ಕಾರಣವನ್ನೂ ಹೇಳುತ್ತಾಳೆ. ಆ ಕಾರಣ ಮೊಬೈಲಿನಲ್ಲಿ ಬಂದಿರುವುದಿಲ್ಲ.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಮ್ಮ ಆಚರಣೆಯು ಜೀವದಯೆಗಾಗಿ ಹುಟ್ಟಿದ್ದಾದರೂ, ಮನೆಯವರೆಲ್ಲರನ್ನೂ ಒಂದು ನಿಶ್ಚಿತ ಹೊತ್ತಿನಲ್ಲಿ ಒಂದೆಡೆ ಕೂಡಿಸುತ್ತಿತ್ತು. ಒಬ್ಬರ ಮುಖವನ್ನು ಒಬ್ಬರು ನೋಡುತ್ತಿದ್ದರು. ಅನ್ನ ಸೇರದ ಮಗನನ್ನು ಕಂಡು ತಾಯಿ ಏನೋ ಆಗಿದೆಯೆಂದು ತಿಳಿಯುತ್ತಿದ್ದಳು. ಬೆಂಗಳೂರಿನ ವಾಹನ ಸಂದಣಿಯಲ್ಲಿ, ಅಮೆರಿಕದ ಹೊತ್ತಿಗೆ ಹೊಂದಿಕೊಂಡು ನಡೆಯುವ ಕೆಲಸದಲ್ಲಿ, ವಾರದ ದಿನಗಳಲ್ಲಿ ಇದನ್ನು ಪಾಲಿಸುವುದು ನಮ್ಮ ವೃತ್ತಿಯ ಬಹುಪಾಲು ಮನೆಗಳಿಗೆ ಸಾಧ್ಯವಾಗುತ್ತಿಲ್ಲ. ಅದರ ಬದಲು ಕುಟುಂಬದ ವಾಟ್ಸಾಪ್ ಗುಂಪಿದೆ. ಯಾರು ಎಲ್ಲಿದ್ದಾರೆ, ಎಷ್ಟು ಗಂಟೆಗೆ ಕೊನೆಯ ಸಲ ಮೊಬೈಲ್ ನೋಡಿದರು ಎಂಬುದೆಲ್ಲ ತಿಳಿಯುತ್ತದೆ. ದೂರದ ಊರುಗಳಲ್ಲಿ ಚದುರಿದ ಮಕ್ಕಳ ಮುಖವನ್ನು ಅಜ್ಜ ಅಜ್ಜಿಯರು ನೋಡುವಂತಾದದ್ದು ಸಣ್ಣ ಉಪಕಾರವಲ್ಲ. ಆದರೆ ಇರುವ ಸ್ಥಳವನ್ನು ತಿಳಿಯುವುದೇ ಕ್ಷೇಮವನ್ನು ತಿಳಿಯುವುದೆಂದು ಭ್ರಮಿಸಬಾರದು. ಹಬ್ಬ, ಪರ್ವ, ರಜೆಯ ದಿನಗಳಲ್ಲಾದರೂ ಆ ಸಾಯಂಕಾಲದ ಊಟವನ್ನು ಎಲ್ಲರೂ ಒಟ್ಟಿಗೆ ಮಾಡುವುದು ಈ ಕಾರಣಕ್ಕೂ ಯೋಗ್ಯವಾದುದು.

ವಿವಾಹ ಸಂಬಂಧಗಳಲ್ಲಂತೂ ಕಡತದ ಪ್ರಭುತ್ವ ಹೆಚ್ಚಿದೆ. 2011ರ ಜನಗಣತಿಯಂತೆ ದೇಶದಲ್ಲಿ ನಮ್ಮ ಸಂಖ್ಯೆ ಸುಮಾರು 44.5 ಲಕ್ಷ. ಇಷ್ಟು ಚಿಕ್ಕ ಸಮಾಜದಲ್ಲಿ ವಧೂವರರ ಪಟ್ಟಿಗಳು ಬೇಕೇ ಬೇಕು. ಆದರೆ ಗಣಕದಲ್ಲಿ ಪಟ್ಟಿಯನ್ನು ನೋಡುವವರು ಮೊದಲು ವಯಸ್ಸು, ಎತ್ತರ, ಸಂಬಳ ಇಷ್ಟಿಷ್ಟೆಂದು ಮಿತಿ ಹಾಕುತ್ತಾರೆ. ಆ ಮಿತಿಗಿಂತ ಒಂದು ಅಂಗುಲ ಗಿಡ್ಡನಾದ ಸದ್ಗುಣಿಯು ನಿರಾಕೃತನಾಗುವುದಲ್ಲ, ಅವರ ಕಣ್ಣಿಗೆ ಬೀಳುವುದೇ ಇಲ್ಲ. ನಿರಾಕರಣೆಯಲ್ಲಿಯಾದರೂ ಒಬ್ಬ ಮನುಷ್ಯನನ್ನು ನೋಡಿದ ಗೌರವವಿರುತ್ತದೆ. ಹಿಂದೆ ಸಂಬಂಧ ಕುದುರಿಸುತ್ತಿದ್ದ ಹಿರಿಯರು, “ಸಂಬಳ ಸ್ವಲ್ಪ ಕಡಿಮೆ, ಆದರೆ ಮನೆತನ ನೋಡಿ, ಹುಡುಗನ ನಡತೆ ನೋಡಿ” ಎನ್ನುತ್ತಿದ್ದರು. ಆ ‘ಆದರೆ’ ಎಂಬ ಮಾತನ್ನು ಆಡುವವರು ಪಟ್ಟಿಯಲ್ಲಿಲ್ಲ.

ಲಿಪಿಕಾರನ ಬಿನ್ನಹ

ದಾಖಲೆಯನ್ನು ಗೌರವಿಸುತ್ತಲೇ ಅದರ ಮಿತಿಯನ್ನು ಒಪ್ಪಿಕೊಳ್ಳುವುದು ಹೇಗೆಂಬುದಕ್ಕೆ ನಾವು ಹೊರಗೆ ಹುಡುಕಬೇಕಾಗಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಪ್ರತಿ ಮಾಡುವುದೆಂದರೆ ಏನೆಂಬುದನ್ನು ನಮ್ಮ ಸಮಾಜವು ಸಾವಿರ ವರ್ಷಗಳಿಂದ ಬಲ್ಲದು. ತಾಳೆಯೋಲೆಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಊರು, ಬರೆದು ಮುಗಿಸಿದ ತಿಥಿ ಇವುಗಳನ್ನು ಹೇಳಿ, ಇದರಲ್ಲಿ ದೋಷಗಳಿದ್ದರೆ ಬಲ್ಲವರು ಕ್ಷಮಿಸಿ ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುವುದು ಸಾಮಾನ್ಯ ಪದ್ಧತಿಯಾಗಿತ್ತು. ಬರೆದವರು ಯಾರು, ಯಾವಾಗ ಬರೆದರು, ತಪ್ಪಿದ್ದರೆ ತಿದ್ದುವ ಅವಕಾಶವುಂಟು ಎಂಬ ಮೂರು ಮಾತುಗಳು ಅಲ್ಲಿವೆ. ಇಂದಿನ ಪರದೆಯಲ್ಲಿ ಸಾಮಾನ್ಯವಾಗಿ ಕಾಣಸಿಗದಿರುವುದು ಈ ಮೂರೇ.

ಷಟ್ಖಂಡಾಗಮದ ಧವಲಾ ಟೀಕೆಯ ಮುದ್ರಣದ ಇತಿಹಾಸವೂ ಇದನ್ನೇ ಹೇಳುತ್ತದೆ. 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಪ್ರಕಟಣೆ ಆರಂಭವಾದಾಗ ಆಧಾರವಾಗಿದ್ದುದು ಪ್ರತಿಯಿಂದ ಮಾಡಿದ ಪ್ರತಿಗಳು. ಮುಂದೆ ಮೂಡುಬಿದಿರೆಯ ಮೂಲ ತಾಳೆಯೋಲೆಗಳೊಡನೆ ಹೋಲಿಸಿ ಪಾಠಭೇದಗಳನ್ನು ಕೊಡಲಾಯಿತು. ಪ್ರತಿಯನ್ನು ಗೌರವಿಸಿದವರೇ ಅದನ್ನು ಮೂಲದೊಡನೆ ಹೋಲಿಸಿ ನೋಡಿದರು. ಆಗಮದ ಪ್ರತಿಗೆ ಸಲ್ಲಿಸಿದ ಈ ಎಚ್ಚರವನ್ನು ಒಬ್ಬ ಜೀವಂತ ಮನುಷ್ಯನ ದಾಖಲೆಗೂ ಸಲ್ಲಿಸಬೇಡವೇ? ಅಲ್ಲಿ ಮೂಲವೆಂದರೆ ಓಲೆ. ಇಲ್ಲಿ ಮೂಲವೆಂದರೆ ಬಾಗಿಲಲ್ಲಿ ನಿಂತಿರುವ ಆ ಮನುಷ್ಯ.

ಸರ್ಕಾರದ ಕಾನೂನು ಕೂಡ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ತನ್ನನ್ನು ಕುರಿತ ಮಾಹಿತಿಯನ್ನು ತಿದ್ದಿಸುವ, ಅಳಿಸಿಸುವ ಮತ್ತು ದೂರು ಕೊಡುವ ಹಕ್ಕುಗಳನ್ನು ವ್ಯಕ್ತಿಗೆ ಕೊಡುತ್ತದೆ. ಅದರ ನಿಯಮಗಳು ಹಂತಹಂತವಾಗಿ ಜಾರಿಗೆ ಬರುವಂತೆ 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆದರೆ ಕಾನೂನು ಹೇಳುವವರೆಗೆ ನಮ್ಮ ಬಸದಿಗಳ ವಿಶ್ವಸ್ತ ಮಂಡಳಿಗಳು, ವಿದ್ಯಾರ್ಥಿನಿಲಯಗಳು, ಸಮಾಜದ ಸಂಘಗಳು ಕಾಯಬೇಕಾಗಿಲ್ಲ. ಸದಸ್ಯರ ಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ, ವಧೂವರರ ಮಾಹಿತಿ ಇವೆಲ್ಲ ಈಗ ನಮ್ಮಲ್ಲಿಯೂ ಗಣಕಕ್ಕೆ ಏರುತ್ತಿವೆ. ಆದ್ದರಿಂದ ಕೆಲವು ಸರಳ ನಿಯಮಗಳನ್ನು ವಿಶ್ವಸ್ತರ ವಿಚಾರಕ್ಕೆ ಸಲ್ಲಿಸಬಯಸುತ್ತೇನೆ.

ಮೊದಲನೆಯದು, ಪ್ರತಿಯೊಂದು ದಾಖಲೆಯೊಡನೆ ಅದನ್ನು ಬರೆದವರ ಹೆಸರೂ ದಿನಾಂಕವೂ ಇರಲಿ. ಎರಡನೆಯದು, ಯಾರ ಹೆಸರನ್ನಾದರೂ ಪಟ್ಟಿಯಿಂದ ತೆಗೆಯುವ ಅಥವಾ ಯಾರ ಅರ್ಜಿಯನ್ನಾದರೂ ತಿರಸ್ಕರಿಸುವ ಮೊದಲು ಅವರನ್ನು ಕರೆಸಿ, ಇಲ್ಲವೇ ಅವರ ಮನೆಗೆ ಹೋಗಿ ಒಂದು ಮಾತು ಕೇಳುವಂತಾಗಲಿ. ಆದಾಯ ಪ್ರಮಾಣಪತ್ರ ತರಲಾಗದ ವಿಧವೆಯ ಮಗನಿಗೆ ವಿದ್ಯಾರ್ಥಿವೇತನದ ಅಗತ್ಯ ಉಳಿದವರಿಗಿಂತ ಹೆಚ್ಚಿರಬಹುದು. ಮೂರನೆಯದು, ಸಂಶಯವಿರುವಷ್ಟು ಕಾಲ ಅನ್ನ, ಔಷಧ, ವಿದ್ಯೆ ಇವುಗಳು ನಿಲ್ಲದಿರಲಿ. ನಾಲ್ಕನೆಯದು, ನಿಯಮಕ್ಕೆ ಅಪವಾದ ಮಾಡಿದಾಗ ಅದರ ಕಾರಣವನ್ನು ಬರೆದಿಡಲಿ, ಇಲ್ಲದಿದ್ದರೆ ಇಂದಿನ ದಯೆ ನಾಳೆಯ ಪಕ್ಷಪಾತಕ್ಕೆ ದಾರಿಯಾದೀತು. ಐದನೆಯದು, ಬೇಡದ ಮಾಹಿತಿಯನ್ನು ಕೇಳದಿರಲಿ. ಮದುವೆಯಾದ ಹೆಣ್ಣುಮಗಳ ಭಾವಚಿತ್ರವೂ ದೂರವಾಣಿ ಸಂಖ್ಯೆಯೂ ಹಳೆಯ ಪಟ್ಟಿಯಲ್ಲಿ ಉಳಿಯುವುದು ಯಾರಿಗೂ ಒಳಿತಲ್ಲ. ಬೇಡದ್ದನ್ನು ಕೂಡಿಡುವುದು ಪರಿಗ್ರಹವೇ. ಅದು ಧಾನ್ಯವಾದರೇನು, ಮಾಹಿತಿಯಾದರೇನು?

ಕೊನೆಯದಾಗಿ ತಂದೆತಾಯಿಗಳಿಗೆ ಒಂದು ಮಾತು. ಇಂದು ಜೈನ ಮನೆಗಳಲ್ಲಿ ತಂತ್ರಾಂಶದ ಕೆಲಸದಲ್ಲಿರುವ ಮಕ್ಕಳು ಅನೇಕರು. ಅವರು ಊರಿಗೆ ಬಂದಾಗ ಸಂಬಳವೆಷ್ಟು, ವಿದೇಶಕ್ಕೆ ಯಾವಾಗ ಹೋಗುವುದು ಎಂದು ಕೇಳುತ್ತೇವೆ. ಅದರ ಜೊತೆಗೆ, “ಮಗೂ, ನೀನು ಮಾಡುವ ಯಂತ್ರವು ಯಾರನ್ನಾದರೂ ಇಲ್ಲವೆಂದು ಹಿಂದಕ್ಕೆ ಕಳಿಸಿದರೆ ಅವರು ಯಾರ ಹತ್ತಿರ ಹೋಗಬೇಕು?” ಎಂದೂ ಕೇಳೋಣ. ಉತ್ತರ ಅವರಿಗೆ ತಕ್ಷಣ ತೋಚದಿರಬಹುದು. ಆದರೆ ಮನೆಯಲ್ಲಿ ಹಿರಿಯರು ಕೇಳಿದ ಪ್ರಶ್ನೆ ಕೆಲಸದ ಮೇಜಿನವರೆಗೂ ಹೋಗುತ್ತದೆ. ಮುಂದೊಂದು ದಿನ ಆ ಕೆಂಪು ನಕ್ಷತ್ರವನ್ನು ಇಡುವ ಮೊದಲು ಅವರ ಕೈ ಒಂದು ಕ್ಷಣ ತಡೆದರೆ, ಅವರು ಎಂದೂ ನೋಡದ ಯಾವುದೋ ಊರಿನ ಯಾರಿಗೋ ಬಾಗಿಲು ತೆರೆದೇ ಉಳಿದೀತು.